ಬಿಸಿಲಿಗಿಟ್ಟ ಕೈ

ನೀರು ಇನ್ನೂ ಹಳದಿಯಾಗಿಯೇ ಹರಿಯುತ್ತಿದೆ, ನಲ್ಲಿ ಸ್ವಲ್ಪ ಸಣ್ಣಗೆ ಮಾಡಬೇಕು, ಜೋರಾದರೆ ಕಾಗದ ಹರಿದೀತು — ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ನಾನು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಗದ ಹರಿದೀತೆಂದು ಹೆದರುತ್ತಿದ್ದೇನೆ, ನನ್ನಂಥವಳು ಯಾರ ಹೊಟ್ಟೆಯಲ್ಲೂ ಹುಟ್ಟಬಾರದು. ತೊಳೆಯದಿದ್ದರೆ ಹಾಳಾಗುತ್ತದೆ, ನಿಜ, ಮದ್ದು ಸವರಿದ ಕಾಗದ ಬಿಸಿಲು ಕುಡಿದ ಮೇಲೆ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಕೈಯೂ ಇಲ್ಲ, ಬೆರಳೂ ಇಲ್ಲ, ಎಲ್ಲ ಬರೀ ನೀಲಿ. ಆದರೆ ಅಣ್ಣನಿಗೆ ಹೇಳಿದ್ದು ಅದಲ್ಲ, ನೀನು ಅಮ್ಮನ್ನ ಕರ್ಕೊಂಡು ಹೋಗು, ಬಾಗಿಲು ಹಾಕಿ ಹಿಂದೇನೇ ಬರ್ತೀನಿ ಅಂದೆ. ಬಾಗಿಲು ಹಾಕಿದೆ, ಒಳಗಿನಿಂದ. ಕ್ಯಾಮೆರಾನೇ ಇಲ್ದೆ ಅದೆಂಥ ಫೋಟೋನೇ, ಎಂದು ಇವತ್ತು ಅಮ್ಮ ನಗುತ್ತಲೇ ಮಹಡಿ ಹತ್ತಿ ಬಂದಿದ್ದಳು, ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ನಿನ್ನ ಕೈ ಬರೀ ನೀಲಿ ಆಗ್ತಿದೆಯಲ್ಲೇ, ಬಾಯಿಗೇನು ಸಿಗುತ್ತೆ? ಬಿಸಿಲು ಬಿದ್ದಲ್ಲಿ ನೀಲಿ, ಮುಚ್ಚಿದಲ್ಲಿ ಬಿಳಿ, ಎಲೆ, ಗರಿ, ಲೇಸಿನ ತುಂಡು ಎಲ್ಲ ಇಟ್ಟು ನೋಡಿ ನನಗೆ ಬೇಸರವಾಗಿತ್ತು, ಜನ್ಮವಿಡೀ ಊರವರ ಬಟ್ಟೆ ಹೊಲಿದ ಕೈ, ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಹೊರಕ್ಕೆ ಬಾಗಿದ ಬಲಗೈ — ಅದನ್ನೇ ಕಾಗದದ ಮೇಲೆ ಊರಿಸಿ ಅವಳನ್ನು ಬಿಸಿಲಲ್ಲಿ ಕೂರಿಸಿದೆ. ಬಿಸಿಲು ಹಾಗೇ ಇದ್ದಿದ್ದರೆ ಬೇಗ ಮುಗಿಯುತ್ತಿತ್ತು, ತೆಳು ಮೋಡ ಬಂತು, ಕಾಗದ ಹಸಿರು ಬಿಟ್ಟು ಬೂದಿ ಬಣ್ಣಕ್ಕೆ ತಿರುಗಲೇ ಒಲ್ಲದು, ಸೆಕೆ ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಇನ್ನೂ ಎಷ್ಟು ಹೊತ್ತೇ? ಸ್ವಲ್ಪ ತಡಿಯಮ್ಮ. ತಲೆ ಒಂಥರಾ ಆಗ್ತಿದೆ ಕಣೇ. ಆಯ್ತು ಆಯ್ತು, ಮೋಡ ಸರೀತಿದೆ. ಅಳತೆ ತೆಗೆಯುವಾಗ ಗಿರಾಕಿಗಳನ್ನು ಅಲ್ಲಾಡಬೇಡಿ ಎಂದು ಗದರುವವಳು ಅವಳು, ಇವತ್ತು ನಾನು ಗದರಿದೆ, ಕಿರುಬೆರಳು ಮೇಲೆದ್ದಿತ್ತು, ಅಲ್ಲಾಡ್ಬೇಡ ಅಂದ್ನಲ್ಲ! ಇಳಿಯಿತು.

ಆಮೇಲೆ ಪಕ್ಕಕ್ಕೆ ವಾಲಿದಳು, ಇಲ್ಲಿಂದ ಮುಂದೆ ನೆನೆಯಬಾರದು, ನೆನೆಯುತ್ತೇನೆ — ನನ್ನ ಕೈ ಮೊದಲು ಹೋದದ್ದು ಕರಿ ಬಟ್ಟೆಗೆ, ಮತ್ತೆ ಬಿಸಿಲು ತಾಗದ ಹಾಗೆ ಕಾಗದ ಮುಚ್ಚಿದೆ, ಅಂಚು ಸರಿಮಾಡಿದೆ, ಅದಾದ ಮೇಲೆ ಅಮ್ಮಾ ಎಂದು ಕೂಗಿದೆ. ಅಣ್ಣ ಓಡಿ ಬರುವ ಹೊತ್ತಿಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು, ಅವನು ನೋಡಿದ್ದು ಅಷ್ಟೇ, ಹೆದರ್ಬೇಡ ಕಣೇ, ನಿನ್ ತಪ್ಪೇನಿದೆ, ಅಂದ. ಈಗ ಫೋನು ಬಡಿದುಕೊಳ್ಳುತ್ತಿದೆ, ಅವನದೇ, ಒದ್ದೆ ಕೈಯಲ್ಲೇ ಎತ್ತುತ್ತೇನೆ, ಕಣ್ ಬಿಟ್ಳು ಕಣೇ, ಬಲಗೈ ಮಾತ್ರ ಏಳ್ತಿಲ್ಲ, ಡಾಕ್ಟರು ನೋಡೋಣ ಅಂತಾರೆ, ಎಲ್ಲಿದೀಯ ನೀನು, ಚಿತ್ರ ಬಂತಾ ಅಂತ ಕೇಳ್ತಿದಾಳೆ, ಯಾವ ಚಿತ್ರಾನೇ ಅದು? ಬಂದೆ ಅಣ್ಣ, ದಾರೀಲಿದೀನಿ, ಎನ್ನುತ್ತೇನೆ, ನಲ್ಲಿ ಸುರಿಯುತ್ತಿದೆ, ಅವನಿಗೆ ಕೇಳಿಸಿರಬೇಕು. ಬರುತ್ತಿದೆ ಅಮ್ಮ, ಹಳದಿಯೆಲ್ಲ ಹೋಗಿ ನೀಲಿಯ ನಡುವೆ ಬೆಳ್ಳಗೆ ನಿನ್ನ ಅಂಗೈ, ಬಾಗಿದ ಹೆಬ್ಬೆರಳು, ಒಂದೊಂದು ಬೆರಳೂ ಕತ್ತರಿಸಿಟ್ಟಷ್ಟು ಸ್ಪಷ್ಟ, ಕಿರುಬೆರಳೊಂದು ಬಿಟ್ಟು, ಅದರ ಅಡಿಗೆಲ್ಲ ಬಿಸಿಲು ನುಗ್ಗಿದೆ, ನಾನು ನೋಡಿದ್ದು ಒಂದೇ ಸಲ, ಒಂದು ಸಲ ಎದ್ದರೆ ಇಷ್ಟು ಮಸುಕಾಗುವುದಿಲ್ಲ, ನನಗೆ ಗೊತ್ತು, ಮತ್ತೆ ಮತ್ತೆ ಎದ್ದಿರಬೇಕು, ನಾನು ಮೋಡ ನೋಡುತ್ತಿದ್ದೆ, ಹೊರಡಬೇಕು, ನಲ್ಲಿ ನಿಲ್ಲಿಸಿ ಹೊರಡಬೇಕು, ಆ ಕಿರುಬೆರಳು, ಕರೆದು ಕರೆದು ಮಸುಕಾದ ಆ ಕಿರುಬೆರಳು