ಹಳದಿ ಬೊಟ್ಟು

ಈಜು ಕಲಿಸುವ ಮೇಷ್ಟ್ರ ಕೆಂಪು ಸ್ಪೋರ್ಟ್ಸ್ ಕಾರಿನ ಇಂಜಿನ್ನಿಗೆ ಹೊಸ ಟೈಮಿಂಗ್ ಚೈನ್ ಹಾಕಿದ್ದೇವೆಂದು ಗ್ಯಾರೇಜಿನವರು ಅವರಿಂದ ದುಡ್ಡು ತೆಗೆದುಕೊಂಡರು. ಚೈನ್ ಹಾಕಲಿಲ್ಲ.

ಎರಡು ತಿಂಗಳ ಮೇಲೆ ಆ ಕಾರು ಹೆದ್ದಾರಿಯ ನಡುವೆ ಒಮ್ಮೆ ಕೆಮ್ಮಿ, ಒಳಗೇ ಏನೋ ಮುರಿದುಕೊಂಡು, ನಿಂತೇಹೋಯಿತು. ಲಾರಿಯ ಬೆನ್ನೇರಿ ಅದು ಗ್ಯಾರೇಜಿನ ಅಂಗಳಕ್ಕೆ ಬಂದಿಳಿದಾಗ ಹಳದಿ ಬೇರೊಂದು ಕಾರಿನ ಹೊಟ್ಟೆಯಡಿ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದಳು.

ಹಳದಿ ಅವಳ ಹೆಸರಲ್ಲ, ಅವಳ ಬಣ್ಣ. ಆ ಗ್ಯಾರೇಜಿನಲ್ಲಿ ಬೋಲ್ಟು ಬಿಗಿ ಮಾಡಿದವರು ಅದರ ಮೇಲೆ ತಮ್ಮ ಬಣ್ಣದ ಗುರುತು ಇಡಬೇಕು. ಅವಳದು ಹಳದಿ, ಇನ್ನೊಬ್ಬ ಮೆಕ್ಯಾನಿಕ್ ಪಂಡಿತನದು ಹಸಿರು. ಹಿಂದೆ ಇದ್ದ ಮುದುಕ ಮೇಸ್ತ್ರಿ ಈ ಪದ್ಧತಿ ಹಾಕಿಕೊಟ್ಟಿದ್ದು ಕೆಲಸದ ಸಲುವಾಗಿ: ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೂ ಒಂದು ಗೆರೆ ಎಳೆದರೆ, ಬೋಲ್ಟು ಸಡಿಲವಾದ ದಿನ ಗೆರೆ ಮುರಿದು ತಾನೇ ಚಾಡಿ ಹೇಳುತ್ತದೆ. ಮೇಸ್ತ್ರಿ ಹೋದ ಮೇಲೆ ಯಜಮಾನರು ಅದನ್ನು ವ್ಯಾಪಾರಕ್ಕೆ ಹಚ್ಚಿದರು. ಗೋಡೆಯ ಮೇಲೆ ಇಬ್ಬರ ಫೋಟೋ, ಕೆಳಗೆ ಒಬ್ಬೊಬ್ಬರ ಬಣ್ಣ. ಗಿರಾಕಿ ಬಂದರೆ ಸಾಕು, ಟಾರ್ಚು ಬಿಟ್ಟು ತೋರಿಸಿ, ನಮ್ಮಲ್ಲಿ ಪ್ರತಿ ಬೋಲ್ಟಿಗೂ ಒಬ್ಬ ಜವಾಬುದಾರ ಇದ್ದಾನೆ ನೋಡಿ ಎನ್ನುತ್ತಿದ್ದರು. ಕೆಲಸ ಕೆಟ್ಟರೆ ಬಣ್ಣ ಹಚ್ಚಿದವರದು, ನೆಟ್ಟಗಾದರೆ ಗ್ಯಾರೇಜಿನದು ಎಂಬುದನ್ನು ಮಾತ್ರ ಗೋಡೆಯ ಮೇಲೆ ಬರೆಸಿರಲಿಲ್ಲ.

ಯಜಮಾನರು ಹಳದಿಯ ತಾಯಿಯ ತಮ್ಮ. ಮನೆಯಲ್ಲಿ ಮಾವ, ಗ್ಯಾರೇಜಿನಲ್ಲಿ ಸಾರ್. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಕೆಲಸ ಕೊಟ್ಟವರೂ ಅವರೇ, ತಾಯಿ ಮಗಳಿಗೆ ತಮ್ಮ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟವರೂ ಅವರೇ.

ಮೇಷ್ಟ್ರು ಲಾರಿ ಡ್ರೈವರನ ಪಕ್ಕದಿಂದ ಇಳಿದು ಬಂದರು. ಜೀವಮಾನವೆಲ್ಲ ಕೊಳದ ದಂಡೆಯಲ್ಲಿ ನಿಂತು ಊರ ಮಕ್ಕಳಿಗೆ ಈಜು ಕಲಿಸಿದವರು. ನಿವೃತ್ತಿಯ ದುಡ್ಡು ಕೈಗೆ ಬಂದ ವಾರವೇ ಈ ಹಳೇ ಎರಡು ಬಾಗಿಲಿನ ಕಾರು ಕೊಂಡು, ಬಿಳಿ ಆನೆ ತಂದು ಕಟ್ಟಿದಿರಿ ಎಂದು ಹೆಂಡತಿಯಿಂದ ಅನ್ನಿಸಿಕೊಂಡವರು. ಆನೆಯೂ ತನ್ನ ಬುದ್ಧಿ ಬಿಟ್ಟಿರಲಿಲ್ಲ. ಮೊದಲು ರೇಡಿಯೇಟರಿನ ಪೈಪು ಸೀಳಿತು. ಆಮೇಲೆ ಕಿಟಕಿಯ ಗಾಜು ಇಳಿದದ್ದು ಏರಲಿಲ್ಲ. ಕ್ಲಚ್ಚು ಸವೆದು ಗೇರಿಗೆ ಗೇರು ಹಲ್ಲು ಕಡಿಯತೊಡಗಿತು. ಅದನ್ನೆಲ್ಲ ಪಂಡಿತ ರಿಪೇರಿ ಮಾಡಿದ್ದ. ಕೊನೆಗೆ ಬೆಳಿಗ್ಗೆ ಇಂಜಿನ್ ಶುರು ಮಾಡಿದಾಗ ಡಬ್ಬಿಯಲ್ಲಿ ಚಮಚ ಕುಲುಕಿದಂಥ ಸದ್ದು. ಅದು ಚೈನ್ ಜಗ್ಗಿದ ಸದ್ದು, ಬಿಟ್ಟರೆ ಇಂಜಿನ್ನೇ ಹೋಗುತ್ತದೆ ಎಂದು ಯಜಮಾನರು ಹೆದರಿಸಿದ್ದು ನಿಜವೇ ಆಗಿತ್ತು. ಮೇಷ್ಟ್ರು ಮರುಮಾತಿಲ್ಲದೆ ದುಡ್ಡು ಕೊಟ್ಟಿದ್ದರು.

ಈಗ ಅವರು ಹಳದಿಯ ಹತ್ತಿರ ಬಂದು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು. "ಚೈನ್ ಹಾಕಿದ್ದು ನೀವೇ ಅಲ್ವಾಮ್ಮಾ? ನಿಮ್ಮ ಬಣ್ಣ ಇದೆ ಅಂತಲೇ ನಾನು ಧೈರ್ಯವಾಗಿ ಓಡಿಸ್ತಿದ್ದೆ."

ಆ ಕಾರಿಗೆ ಅವಳು ಒಂದು ದಿನವೂ ಕೈ ಹಚ್ಚಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದಳು. ಬಾಯಿಗೆ ಬಂದದ್ದು, "ನೋಡ್ತೀನಿ ಸಾರ್" ಎಂಬುದಷ್ಟೇ. ಮೇಷ್ಟ್ರನ್ನು ಯಜಮಾನರು ಗಾಜಿನ ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿ ಫ್ಯಾನಿನ ಕೆಳಗೆ ಕೂರಿಸಿದರು.

ಹಳದಿ ಬಾನೆಟ್ ಎತ್ತಿ ಬಗ್ಗಿದಳು. ಚೈನಿನ ಕವರಿನ ಬೋಲ್ಟುಗಳ ಮೇಲೆಲ್ಲ ಅವಳದೇ ಹಳದಿ. ಆದರೆ ಗೆರೆ ಇರಲಿಲ್ಲ. ಬೋಲ್ಟಿನ ನೆತ್ತಿಯ ಮೇಲೆ ದುಂಡಗೆ ಒಂದೊಂದು ಬೊಟ್ಟು, ಪಕ್ಕದ ಲೋಹಕ್ಕೆ ಸೋಕಿಯೂ ಇಲ್ಲ. ಉಗುರಿನಿಂದ ಕೆರೆದಳು. ಬಣ್ಣ ಹೊಪ್ಪಳೆಯಂತೆ ಎದ್ದು ಬಂತು, ಅದರ ಅಡಿಯಲ್ಲಿ ಕರಿ ಜಿಡ್ಡು. ಥಿನ್ನರಿನಲ್ಲಿ ಒರೆಸದೆ ಅವಳು ಯಾವತ್ತೂ ಬಣ್ಣ ಹಚ್ಚಿದವಳಲ್ಲ. ಯಾರೋ ಅವಳ ಬಾಟಲಿ ತೆಗೆದು, ಬಿಚ್ಚದ ಕವರಿನ ಮೇಲೆ ಅವಳ ಹೆಸರು ಒತ್ತಿದ್ದರು.

ಮೊದಲ ಗುಮಾನಿ ಹೋಗಿ ಕೂತದ್ದು ಪಂಡಿತನ ಮೇಲೆ. ಬೇರೆ ಯಾರ ಮೇಲೆ ಕೂರಬೇಕು? ಪಂಡಿತ ಎಂದರೆ ಒಂದು ನಟ್ಟು ಕೇಳಿದರೆ ಕಬ್ಬಿಣದ ಹುಟ್ಟಿನಿಂದ ಪುರಾಣ ಶುರು ಮಾಡುವ ಮನುಷ್ಯ. ಬೆಳಕು ಚೆನ್ನಾಗಿ ಬೀಳುವ ಬಾಗಿಲ ಬಳಿಯ ಜಾಗ ಅವಳಿಗೆ ಸಿಕ್ಕಿದಾಗಿನಿಂದ ಅವನು ಪುರಾಣವನ್ನೂ ನಿಲ್ಲಿಸಿದ್ದ. ಇದೇ ಕಾರಿಗೆ ಕ್ಲಚ್ಚು ಹಾಕಿದವನು ಅವನು. ಬಣ್ಣದ ಕಪಾಟಿನ ಬೀಗದ ಕೈ ಅವನ ಹತ್ತಿರವೂ ಇತ್ತು. ಸಾಲದ್ದಕ್ಕೆ, ಲಾರಿ ಬಂದಾಗಿನಿಂದ ಅವನ ಕಣ್ಣು ಅವಳ ಬೆನ್ನಿನ ಮೇಲೇ ಇತ್ತು.

ಅವಳು ತನ್ನ ಬಾಟಲಿ ತೆಗೆದು ಜೇಬಿಗೆ ಹಾಕಿಕೊಂಡಳು. ಅದನ್ನು ಅವನು ನೋಡಿದ. ಸ್ವಲ್ಪ ಹೊತ್ತಿಗೆ ಅವನೂ ಕಪಾಟಿಗೆ ಹೋಗಿ ತನ್ನ ಬಾಟಲಿ ಜೇಬಿಗಿಳಿಸಿದ. ಅದನ್ನು ಇವಳು ನೋಡಿದಳು. ಅವನು ಕೈ ತೊಳೆಯಲು ಹೋದರೆ ಇವಳಿಗೂ ಕೈ ತೊಳೆಯಬೇಕೆನಿಸಿತು. ಅವಳು ಸ್ಪ್ಯಾನರ್ ಹುಡುಕಿದರೆ ಅವನೂ ತನ್ನ ಡಬ್ಬ ಎಣಿಸಿಕೊಂಡ. ಬೆಳಗಿನಿಂದ ಮಧ್ಯಾಹ್ನದವರೆಗೆ, ಸತ್ತ ಇಂಜಿನ್ನಿನ ಆಚೆಗೊಬ್ಬ ಈಚೆಗೊಬ್ಬಳು, ಒಬ್ಬರ ಕೈಯನ್ನು ಒಬ್ಬರು ಕಾಯುತ್ತ ಕಳೆದರು. ಕಾಯಬೇಕಾದ ಕೈ ಅಷ್ಟು ಹೊತ್ತೂ ಗಾಜಿನ ಆಚೆ ಮೇಷ್ಟ್ರಿಗೆ ತಣ್ಣನೆ ನೀರು ಕೊಡುತ್ತಿತ್ತು.

ಕವರಿನ ಕೊನೆಯ ಬೋಲ್ಟು ಬಿಚ್ಚುವಾಗ ಅವಳಿಗೆ ತಡೆಯಲಾಗಲಿಲ್ಲ.

"ಪಂಡಿತರೇ, ನನ್ನ ಬಾಟ್ಲಿ ಮುಟ್ಟಿದ್ದು ಯಾರು ಅಂತ ಶಾಸ್ತ್ರದಲ್ಲಿ ಏನಾದ್ರೂ ಇದೆಯಾ?"

"ಇದೆ. ಅದರ ಮುಂದಿನ ಸಾಲಲ್ಲೇ ನನ್ನ ಬಾಟ್ಲಿ ಮುಟ್ಟಿದ್ದು ಯಾರು ಅಂತಲೂ ಇದೆ. ಅದನ್ನ ನೀನು ಓದಿ ಹೇಳು."

ಅವಳ ಕೈ ನಿಂತಿತು. ಪಂಡಿತ ದನಿ ತಗ್ಗಿಸಿ ಹೇಳಿದ. ಹೋದ ತಿಂಗಳು ಅವನು ಜ್ವರ ಬಂದು ಮನೆಯಲ್ಲಿ ಮಲಗಿದ್ದ ವಾರ, ಒಂದು ಕಾರಿಗೆ ಬ್ರೇಕ್ ಪ್ಯಾಡ್ ಬದಲಾಯಿಸಿದ್ದೇವೆಂದು ಕಳಿಸಿದ್ದರು. ಅದು ಮತ್ತೆ ಬಂದಾಗ ಚಕ್ರ ಬಿಚ್ಚಿದರೆ ಒಳಗೆ ಹಳೇ ಪ್ಯಾಡು, ಬಿಲ್ಲೆಯ ಹಾಗೆ ಸವೆದದ್ದು. ಬೋಲ್ಟಿನ ಮೇಲೆ ಅವನ ಹಸಿರು. ಅವನು ಯಾರಿಗೂ ಹೇಳದೆ ತಾನೇ ಹೊಸ ಪ್ಯಾಡು ಹಾಕಿ ಕಳಿಸಿದ್ದ.

"ಬ್ರೇಕು ಕಣೇ. ಆ ಗಾಡಿಯಲ್ಲಿ ಎರಡು ಮಕ್ಕಳು ಕೂತಿದ್ವು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನಿನಗೆ ಹೇಳೋದಾ? ನೀನೇ ಅಂದ್ಕೊಂಡಿದ್ದೆ. ಯಜಮಾನರ ಅಕ್ಕನ ಮಗಳು. ಮನೆಯವರೆಲ್ಲ ಸೇರಿ ಊಟ ಮಾಡ್ತಿದ್ದಾರೆ, ಎಲೆ ಎತ್ತೋದಕ್ಕೆ ನಾನೊಬ್ಬ ಇದ್ದೀನಿ ಅಂತ."

"ಬೊಟ್ಟು ಹೇಗಿತ್ತು?" ಎಂದಳು ಹಳದಿ.

"ದುಂಡಗೆ. ಜಿಡ್ಡಿನ ಮೇಲೇ."

ಬೋಲ್ಟು ತಿರುಗಿಸುವವರು ಯಾರೂ ಹಾಗೆ ಇಡುವುದಿಲ್ಲ. ಗೆರೆ ಎಳೆದೂ ಎಳೆದೂ ಅಭ್ಯಾಸವಾದ ಕೈ ನಿದ್ದೆಗಣ್ಣಿನಲ್ಲೂ ಗೆರೆಯನ್ನೇ ಎಳೆಯುತ್ತದೆ. ಇದನ್ನು ಬಿಗಿಯ ಗುರುತೆಂದು ತಿಳಿಯದೆ, ಟಾರ್ಚಿನ ಬೆಳಕಿನಲ್ಲಿ ಗಿರಾಕಿಗೆ ತೋರಿಸುವ ಅಲಂಕಾರವೆಂದಷ್ಟೇ ತಿಳಿದ ಕೈ ಮಾತ್ರ ಹೀಗೆ ಬೊಟ್ಟಿಡುತ್ತದೆ. ಕಪಾಟಿನ ಮೂರನೆಯ ಬೀಗದ ಕೈ ಯಾರ ಹತ್ತಿರ ಇದೆಯೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಕವರು ಕಳಚಿಕೊಂಡಿತು. ಒಳಗೆ ಹಳೇ ಚೈನು, ಹಲ್ಲು ಹಾರಿ ಜೋತುಬಿದ್ದಿತ್ತು. ಅದನ್ನು ಬಿಗಿಯಾಗಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಚೂರುಚೂರಾಗಿ ತಳ ಸೇರಿತ್ತು. ಮೇಲೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗಿರುವುದಂತೂ ಖಂಡಿತ. ಇನ್ನು ರಿಪೇರಿ ಎಂದರೆ ಮೇಷ್ಟ್ರು ಕಾರಿಗೆ ಕೊಟ್ಟದ್ದರಲ್ಲಿ ಅರ್ಧ.

ಕ್ಯಾಬಿನ್ನಿನ ಬಾಗಿಲು ತೆರೆದ ಸದ್ದಾಯಿತು. ಯಜಮಾನರು ಬಂದು ಬಗ್ಗಿ ನೋಡಿದರು. ಅಚ್ಚರಿಪಟ್ಟ ಹಾಗೆ ನಟಿಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಪಂಡಿತನಿಗೆ ಆಚೆ ಏನೋ ಕೆಲಸ ನೆನಪಾಯಿತು. ಅವನು ದೂರ ಹೋಗಿ ಒರೆಸಿದ್ದ ಸ್ಪ್ಯಾನರನ್ನೇ ಮತ್ತೆ ಒರೆಸತೊಡಗಿದ.

"ಕವರ್ ಮುಚ್ಚಿಬಿಡು ಮಗಳೇ" ಎಂದರು ಯಜಮಾನರು. ಗ್ಯಾರೇಜಿನಲ್ಲಿ ಅವರ ಬಾಯಿಂದ ಮಗಳೇ ಎಂಬ ಮಾತು ಬಂದದ್ದು ಅದೇ ಮೊದಲು. ಮೇಷ್ಟ್ರು ಗೇರು ತಪ್ಪಿ ಹಾಕಿ ಇಂಜಿನ್ನನ್ನು ಮಿತಿಮೀರಿ ಓಡಿಸಿದ್ದಾರೆ, ಅದಕ್ಕೇ ಹೊಸ ಚೈನೂ ತಡೆಯಲಿಲ್ಲ, ಈಗ ಇಂಜಿನ್ನಿನ ತಲೆ ಬಿಚ್ಚಬೇಕು ಎಂದು ಅವಳು ಹೋಗಿ ಹೇಳಬೇಕಂತೆ. ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಹಾಗೆ ಓಡಿಸಿಯೇ ಇರುತ್ತಾರೆ, ಆ ಮಾತು ಕೇಳಿದರೆ ತಮ್ಮದೇ ತಪ್ಪೆಂದು ತಲೆ ತಗ್ಗಿಸುತ್ತಾರೆ. ಇದು ಅವರ ಲೆಕ್ಕಾಚಾರ.

"ನೀವೇ ಹೇಳಿ" ಎಂದಳು ಹಳದಿ.

"ಅವರಿಗೆ ನಿನ್ನ ಮೇಲೆ ನಂಬಿಕೆ. ನಾನು ಹೇಳಿದ್ರೆ ವ್ಯಾಪಾರ ಆಗುತ್ತೆ."

"ನನ್ನ ಬಣ್ಣ ಯಾಕೆ ಹಚ್ಚಿದ್ರಿ ಮಾವ?"

ಅವರು ಗಾಜಿನ ಕಡೆಗೊಮ್ಮೆ ನೋಡಿ ದನಿಯನ್ನು ಇನ್ನಷ್ಟು ಮೆತ್ತಗೆ ಮಾಡಿದರು. "ನಿಮ್ಮಮ್ಮ ಮಲಗೋ ಕೋಣೆಗೆ ಒಂದು ದಿನ ಬಾಡಿಗೆ ಕೇಳಿದ್ದೀನಾ? ಯಾರ ಹೆಸರಲ್ಲಿ ಏನು ನಡೀತಿದೆ ಅಂತ ನಾನು ಯಾವತ್ತಾದ್ರೂ ಲೆಕ್ಕ ಇಟ್ಟಿದ್ದೀನಾ?"

ಕೆಲಸ ಕೊಟ್ಟಾಗ, ಕೋಣೆ ಕೊಟ್ಟಾಗ, ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಅವಳು ಉಪಕಾರವೆಂದುಕೊಂಡಿದ್ದೆಲ್ಲ ಈಗ ಒಂದೊಂದಾಗಿ ಮುಖ ತಿರುಗಿಸಿ ನಿಂತವು. ಯಾವುದು ಪ್ರೀತಿಯಿಂದ ಬಂದಿತ್ತು, ಯಾವುದು ಇಂಥ ಒಂದು ಮಧ್ಯಾಹ್ನಕ್ಕೆಂದು ಮುಂಗಡವಾಗಿ ಬಂದಿತ್ತು? ತಿಳಿಯುವ ದಾರಿ ಇರಲಿಲ್ಲ. ಅಮ್ಮ ಇಲ್ಲಿದ್ದರೆ, ಹೇಳಿದಷ್ಟು ಮಾಡಿಬಿಡೇ ಎನ್ನುತ್ತಿದ್ದಳು. ಆ ಕೋಣೆಯ ಕಿಟಕಿ, ಅಮ್ಮನ ಮಂಚ, ಗೋಡೆಯ ಗೂಡಿನಲ್ಲಿಟ್ಟ ಮಾತ್ರೆಗಳ ಡಬ್ಬಿ ಅವಳ ಕಣ್ಣೆದುರು ಬಂದು ಹೋದವು. ಸಂಜೆಯೊಳಗೆ ಮಂಚವೂ ಡಬ್ಬಿಯೂ ಬೀದಿಯಲ್ಲಿರಬಹುದು.

ಗಾಜಿನ ಆಚೆ ಮೇಷ್ಟ್ರು ಎದ್ದು ನಿಂತು ಗೋಡೆಯ ಫೋಟೋ ನೋಡುತ್ತಿದ್ದರು.

ಯಜಮಾನರು ಕಳಚಿಟ್ಟಿದ್ದ ಕವರನ್ನು ತಾವೇ ಎತ್ತಿ, ಅಂಗೈ ಮಸಿಯಾಗುವುದನ್ನೂ ಲೆಕ್ಕಿಸದೆ, ಅವಳ ಮುಂದೆ ಹಿಡಿದರು. "ತಗೋ. ಅವರು ಬರೋದ್ರೊಳಗೆ ಮುಚ್ಚು."

ಹಳದಿ ಕೈ ಚಾಚಲಿಲ್ಲ.

"ಮುಚ್ಚಲ್ಲ."

"ಏನಂದೆ?"

"ಮುಚ್ಚಲ್ಲ ಮಾವ. ಅವರು ಬಂದು ನೋಡ್ಲಿ."