ಜಗಲಿಗೆ ಬಂದ ಕೋಡಂಗಿ

"ಅಮ್ಮ, ಕೂತ್ಕೋ ಅಂದ್ರೆ ಕೂತ್ಕೊಳಲ್ವಲ್ಲ ನೀನು!" ಪರದೆಯ ಹಿಂದಿನಿಂದ ಮಗಳು ವೆನಿಂಗ್ ಕೂಗಿದಳು.

ಸರಿಯೆಮ್ ಅತ್ತೆಯ ಪಕ್ಕದಲ್ಲಿ ಚಾಪೆಯ ಅಂಚಿಗೆ ಕುಳಿತಳು. ಕುಳಿತವಳು ಮತ್ತೆ ಎದ್ದು, ಮರಗೆಣಸು ಬೇಯುತ್ತಿದ್ದ ಒಲೆಗೆ ಸೌದೆ ತಳ್ಳಿ ಬಂದಳು.

ಹದಿನೈದು ದಿನದ ಹಿಂದೆ ಮಕ್ಕಳಿಗೆ ಈ ನೆರಳುಗೊಂಬೆ ಆಟದ ರುಚಿ ಹತ್ತಿಸಿದವಳು ಅವಳೇ. ಹುಲ್ಲು ಹೆಣೆದು ಗೊಂಬೆ ಮಾಡುವುದನ್ನು ಕಲಿಸಿದ್ದಳು. ಸಂಜೆಬಿಸಿಲು ಹಿಂದಿನಿಂದ ಬೀಳುವಂತೆ ಜಗಲಿಯ ಕಂಬಗಳಿಗೆ ಬಿಳಿ ಬಟ್ಟೆ ಕಟ್ಟಿಕೊಟ್ಟಿದ್ದಳು. ಅಜ್ಜಿಯೊಂದಿಗೆ ಸಂಜೆ ಕಳೆಯುವುದು ರೂಢಿಯಾದರೆ ಮಕ್ಕಳು ತನ್ನನ್ನು ಅಷ್ಟಾಗಿ ಹುಡುಕಲಾರರು ಎಂದುಕೊಂಡಿದ್ದಳು. ಗಂಡ ಕರ್ಸುಮ್ ನೀರಾ ಇಳಿಸಲು ಹತ್ತಿದ ತೆಂಗಿನಮರದಿಂದ ಬಿದ್ದು, ಸೊಂಟ ಮುರಿದು ಮಲಗಿ ಏಳು ತಿಂಗಳಾಗಿತ್ತು. ನಾಡಿದ್ದು ಅವಳು ಮನೆಗೆಲಸದ ತರಬೇತಿಗೆ ಪಟ್ಟಣಕ್ಕೆ ಹೊರಡಬೇಕು. ಅಲ್ಲಿಂದ ತೈವಾನಿಗೆ, ಮೂರು ವರ್ಷ. ಮಕ್ಕಳಿಗೆ ಇನ್ನೂ ಹೇಳಿರಲಿಲ್ಲ.

"ಇವತ್ತಾದ್ರೂ ಹೇಳ್ಬಿಡೇ," ಅತ್ತೆ ಪಿಸುಗುಟ್ಟಿದಳು.

"ಆಟ ಮುಗೀಲಿ ಅತ್ತೆ."

"ನಿನ್ನೇನೂ ಇದೇ ಅಂದೆ."

ವೆನಿಂಗ್‌ಳ ತಮ್ಮ, ಐದು ವರ್ಷದ ದಮಾರ್, ತಟ್ಟೆ ಬಾರಿಸಿದ. ಬಟ್ಟೆಯ ಮೇಲೆ ರಾಜರಿಬ್ಬರು ಕಾದಾಡಿದರು. "ಕೋಡಂಗಿ ಬಂದ್ಮೇಲೆ ಎಬ್ಬಿಸ್ರೋ, ರಾಜರ ಮಾತು ಕೇಳಿದ್ರೆ ನಿದ್ದೆ ಬರುತ್ತೆ!" ಎಂದು ಕರ್ಸುಮ್ ಒಳಗಿನಿಂದ ಕೂಗಿದ.

ಕೋಡಂಗಿ ಬಂದ. ಈ ಆಟದಲ್ಲಿ ಅವನು ಯಾರ ಮನೆಯ ಮಾತನ್ನಾದರೂ ಎತ್ತಬಹುದು. ಊರ ಮುಖಂಡನೂ ಸಿಟ್ಟಾಗುವಂತಿಲ್ಲ.

"ಏನ್ರಪ್ಪಾ, ಊಟ ಆಯ್ತಾ?" ವೆನಿಂಗ್ ದನಿ ದಪ್ಪ ಮಾಡಿದಳು. "ಈ ಮನೆ ಅಜ್ಜಿ ಗೆಣಸಿಗೆ ಉಪ್ಪು ಹಾಕೋದೇ ಮರೀತಾಳಂತೆ!"

"ನಿನ್ನ ಬಾಯಿಗೆ ಹಾಕ್ತೀನಿ ತಡಿ!" ಅಜ್ಜಿ ನಕ್ಕಳು.

ಇನ್ನೊಂದು ನೆರಳು ಬಂತು. ಕಂಕುಳಲ್ಲಿ ಗಂಟು ಹಿಡಿದ ಹೆಂಗಸು. ಉಳಿದ ಹೆಣ್ಣುಗೊಂಬೆಗಳಿಗೆಲ್ಲ ಹುಲ್ಲಿನ ತುರುಬು ಇತ್ತು, ಇದರ ತಲೆ ಮಾತ್ರ ಬೋಳು.

"ಯಾರು ನೀನು? ಗಂಡ್ಸೋ ಹೆಂಗ್ಸೋ?"

"ಹೆಂಗ್ಸೇ. ತರಬೇತಿಲಿ ಕೂದ್ಲು ಕತ್ತರಿಸ್ಬಿಟ್ರು." ದಮಾರ್‌ನ ಕೀರಲು ದನಿ.

"ಪರದೇಶಕ್ಕೆ ಕೆಲ್ಸಕ್ಕೆ ಹೋಗೋವಾಗ ಪಕ್ಕದ್ಮನೆ ಪಾರ್ತಿ ಚಿಕ್ಕಮ್ಮಂಗೆ ಕತ್ತರಿಸಿದ್ರಲ್ಲ, ಹಂಗಾ?"

"ಹಂಗೇ."

"ಮಕ್ಳಿಗೆ ಹೇಳಿದ್ಯಾ?"

ಹೆಂಗಸಿನ ನೆರಳು ಬಟ್ಟೆಯ ಅಂಚಿಗೆ ಸರಿಯಿತು.

"ಅಕ್ಕಾ, ಈಗ ನಾನೇನನ್ಲಿ?" ದಮಾರ್ ಪಿಸುಗುಟ್ಟಿದ್ದು ಜಗಲಿಗೆಲ್ಲ ಕೇಳಿತು.

"ನಂಗೂ ಗೊತ್ತಿಲ್ಲ ಕಣೋ. ಸುಮ್ನಿರು."

ಸರಿಯೆಮ್‌ಳ ಕೈ ತನ್ನ ತುರುಬಿಗೆ ಹೋಯಿತು. ಅತ್ತೆ ಚಾಪೆಯ ಎಳೆ ಕೀಳುತ್ತಿದ್ದಳು. ಕೋಡಂಗಿ ತಲೆ ಓರೆ ಮಾಡಿ ಕಾಯುತ್ತಲೇ ಇದ್ದ.

"ಇಲ್ಲಪ್ಪಾ ಕೋಡಂಗಿ," ಎಂದಳು ಸರಿಯೆಮ್. "ಹೇಳಿಲ್ಲ."

"ಯಾಕೆ?"

"ಧೈರ್ಯ ಬರ್ಲಿಲ್ಲ."

"ಯಾವಾಗ ಹೋಗೋದು?" ದಪ್ಪ ದನಿ ತೆಳುವಾಗುತ್ತ ಬಂದಿತ್ತು.

"ನಾಡಿದ್ದು ಬೆಳಿಗ್ಗೆ."

ಬಿಸಿಲು ಬಾಳೆಯ ಹಿಂದಕ್ಕೆ ಇಳಿದು, ಬಟ್ಟೆಯ ಮೇಲಿನ ನೆರಳುಗಳು ಮಸುಕಾದವು. ಬಟ್ಟೆಯ ಕೆಳಗಿನ ಅಂಚಿನಲ್ಲಿ ಮಕ್ಕಳ ಮಣ್ಣು ಮೆತ್ತಿದ ಪಾದಗಳು ಕಾಣುತ್ತಿದ್ದವು. ಸಣ್ಣ ಪಾದಗಳೆರಡು ದೊಡ್ಡ ಪಾದಗಳ ಮೇಲೆ ಹತ್ತಿ ನಿಂತಿದ್ದವು.