ಹೊರಗಿನ ಚಿಲಕ

ಬೆಳಿಗ್ಗೆ ಎಂಟೂವರೆಯಾದರೂ ಹೊಸ ಬಾಡಿಗೆದಾರ ಹೊರಗೆ ಬಂದಿರಲಿಲ್ಲ. ನಲ್ಲಿ ನೀರು ನಿಂತುಹೋಗುವ ಹೊತ್ತು. ಮನೆಯೊಡತಿ ನರ್ಸಮ್ಮ ಹಿತ್ತಲ ಕೋಣೆಯ ಬಾಗಿಲು ತಳ್ಳಿದಳು. ಮುದುಕ ಹಾಸಿಗೆ ಸುತ್ತಿಟ್ಟು, ತಟ್ಟೆ ಲೋಟ ಮುಂದಿಟ್ಟುಕೊಂಡು, ಬಾಗಿಲನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದ.

“ಏನ್ ಯಜಮಾನ್ರೇ, ಬಡಗಿ ಅಂದ್ರಿ, ಬಾಗಿಲು ತೆಗೆಯೋಕೆ ಬರಲ್ವಾ? ಚಿಲಕಾನೂ ಹಾಕಿಲ್ಲ!”

ಅವನೂ ನಗಲು ನೋಡಿದ. ಆಗಲಿಲ್ಲ. “ಯಾರಾದ್ರೂ ಬಂದು ತೆಗೀತಾರೆ ಅಂತ... ಅಭ್ಯಾಸ, ತಾಯಿ.”

ಅವಳ ನಗು ಅಲ್ಲೇ ನಿಂತಿತು. “ಎಲ್ಲಿದ್ರಿ ಇಷ್ಟು ವರ್ಷ?”

ಬಾಯಿ ಬಿಡಬೇಡ ಎಂದು ಮನೆ ತೋರಿಸಿದ ದಲ್ಲಾಳಿ ಹೇಳಿಕೊಟ್ಟಿದ್ದ. ನಿಜ ಹೇಳಿದ ಏಳು ಮನೆಗಳಲ್ಲಿ ಬಾಗಿಲು ಮುಚ್ಚಿತ್ತು. ಒಡಹುಟ್ಟಿದ ತಂಗಿಯೂ ಹೊಸ್ತಿಲ ಹೊರಗೇ ಊಟ ಹಾಕಿ ಕೈತೊಳೆದುಕೊಂಡಿದ್ದಳು. ಬಿದ್ದವನಿಗೆ ಆಳಿಗೊಂದು ಕಲ್ಲು. ಆದರೂ ಎದುರಿಗೆ ನಿಂತು ಕೇಳಿದವರಿಗೆ ಸುಳ್ಳು ಹೇಳಲು ಅವನ ನಾಲಿಗೆ ಏಳಲಿಲ್ಲ.

“ಜೈಲಲ್ಲಿ. ಹತ್ತೊಂಬತ್ತು ವರ್ಷ. ಜಗಳದಲ್ಲಿ ಹೊಡೆದೆ, ಆಸಾಮಿ ಏಳಲೇ ಇಲ್ಲ. ತಪ್ಪು ನಂದೇ.”

“ವಯಸ್ಸಾದೋರು ಅಂತ ನಂಬಿ ಕೊಟ್ಟೆ. ಒಳಗೆ ನಮ್ಮಮ್ಮ ಒಬ್ಬರೇ ಇರ್ತಾರೆ. ನನ್ನ ಜಾಗದಲ್ಲಿದ್ದಿದ್ರೆ ನೀವು ಇಟ್ಕೋತಿದ್ರಾ?”

ಅವನು ಯೋಚಿಸಿ, “ಇಲ್ಲ ತಾಯಿ” ಎಂದ.

“ಸಂಜೆ ನಾನು ಬರೋದ್ರೊಳಗೆ ಖಾಲಿ ಮಾಡಿ.”

ಡ್ಯೂಟಿಗೆ ಹೊರಡುವಾಗ ಅವಳು ದಿನದಂತೆ ಅಮ್ಮನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದಳು. ಮರೆವಿನ ಅಮ್ಮ ಒಮ್ಮೆ ಬೀದಿಗಿಳಿದು ಲಾರಿಗೆ ಸಿಗುವುದರಲ್ಲಿದ್ದಳು. ಅಂದು ಚಿಲಕದ ಮೇಲೆ ಬೀಗವನ್ನೂ ಜಡಿದಳು.

ಮುದುಕ ಗಂಟು ಹೆಗಲಿಗೇರಿಸಿ ಜಗಲಿ ದಾಟುವಾಗ ಒಳಗಿನಿಂದ ಬಾಗಿಲು ಬಡಿಯುವ ಸದ್ದು.

“ಯಾರಿದ್ದೀರಪ್ಪಾ? ತೆಗೀರೋ... ನಾನೇನು ತಪ್ಪು ಮಾಡಿದೀನೋ?”

ಚಿಲಕಕ್ಕೆ ನಾಲ್ಕೇ ಸ್ಕ್ರೂ. ಬಡಗಿಗೆ ಎರಡು ನಿಮಿಷದ ಕೆಲಸ. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಜೈಲಿನಿಂದ ಬಂದವನು ಬೀಗ ಬಿಚ್ಚಿದನೆಂದರೆ ಮುಗಿಯಿತು. ಗಂಟು ಇಳಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ.

“ನಿಮ್ಮದೇನೂ ತಪ್ಪಿಲ್ಲಕ್ಕ. ಇಲ್ಲೇ ಇದೀನಿ, ಮಾತಾಡಿ.”

ಸಂಜೆ ನರ್ಸಮ್ಮ ಬಂದಾಗಲೂ ಅವನು ಅಲ್ಲೇ ಕೂತು, ಮರಗೆಲಸ ಕಲಿಯುವಾಗಿನ ತನ್ನ ಎಡವಟ್ಟು ಹೇಳುತ್ತಿದ್ದ. ಕೂಗಲು ಬಾಯ್ತೆರೆದವಳಿಗೆ ಒಳಗಿನಿಂದ ಅಮ್ಮನ ದನಿ ಕೇಳಿಸಿತು. “ಮೂರ್ ಕಾಲಿನ ಮಂಚಾನಾ! ನಿನ್ನ ಮುಖಕ್ಕಿಷ್ಟು!” ಅಮ್ಮ ನಗುತ್ತಿದ್ದಳು. ಆ ನಗು ಕೇಳಿ ಎಷ್ಟು ತಿಂಗಳಾಗಿತ್ತೋ.

“ಇನ್ನೂ ಹೋಗಿಲ್ವಾ?”

“ಹೊರಟೆ ತಾಯಿ. ಒಳಗಿದ್ದೋರಿಗೆ ಹೊರಗಡೆಯಿಂದ ಒಂದು ದನಿ ಬೇಕಾಗುತ್ತೆ. ಅದಕ್ಕೇ ಕೂತೆ.”

ಅವಳು ಬೀಗ ತೆಗೆದು ಬಾಗಿಲು ತಳ್ಳಿದಳು. ಬಾಗಿಲ ಒಳಮೈಯಲ್ಲಿ, ಅಮ್ಮನ ಕೈ ಎಟಕುವಷ್ಟು ಎತ್ತರದಲ್ಲಿ, ಬಣ್ಣ ಸವೆದು ಮರ ಕಾಣುತ್ತಿತ್ತು. ದಿನವೂ ತೆಗೆದು ಹಾಕುವ ಬಾಗಿಲು. ಅವಳು ಅದನ್ನು ನೋಡಿದ್ದು ಅಂದೇ.

“ಈ ಚಿಲಕ ಬಿಚ್ಚಿಕೊಡಿ” ಎಂದಳು. ಕ್ಷಮೆ ಕೇಳಲಿಲ್ಲ.

ಅವನು ಬಿಚ್ಚಿ, ನಾಲ್ಕು ಸ್ಕ್ರೂಗಳನ್ನು ಅವಳ ಅಂಗೈಗಿಟ್ಟು, ಗಂಟಿಗೆ ಕೈ ಹಾಕಿದ.

“ಬೀದಿಯೋರಿಗೆ ಗೊತ್ತಾದ್ರೆ ನನ್ನನ್ನೂ ಹರಿದು ತಿಂತಾರೆ.”

“ಗೊತ್ತು ತಾಯಿ.”

“ಗಂಟು ಒಳಗಿಡಿ. ನಾಳೆಯಿಂದ ಅಮ್ಮನ ಬಾಗಿಲು ತೆಗೆದೇ ಇರುತ್ತೆ, ಜೊತೆಗೊಬ್ಬರು ಬೇಕು. ನಿಮ್ಮ ಬಾಗಿಲು ಮಾತ್ರ ನೀವೇ ತೆಕ್ಕೋಬೇಕು. ನಾನು ಬಂದು ತೆಗೆಯಲ್ಲ.”